ಅವನೊಬ್ಬನ ಕಾಲಿಗೆ ಒಗ್ಗಿದ ಗೇರು

ನಮ್ಮ ಸಂಘದ ಮುಷ್ಕರ ಮುರಿದು ಬಿದ್ದ ಮೇಲೆ ಸಾಗಣೆ ಕಂಪನಿ ಮನೆಗೆ ಕಳಿಸಿದ ಡ್ರೈವರುಗಳಲ್ಲಿ ಬೆಣ್ಣೆಯೂ ಒಬ್ಬ. ಅವನ ಮೈಯಲ್ಲಾಗಲಿ ಮಾತಿನಲ್ಲಾಗಲಿ ಬೆಣ್ಣೆಯಂಥದ್ದು ಏನೂ ಇರಲಿಲ್ಲ. ಅವನು ಗೇರು ಬದಲಿಸಿದ್ದು ಪಕ್ಕದಲ್ಲಿ ಕೂತವನಿಗೆ ಗೊತ್ತಾಗುತ್ತಿರಲಿಲ್ಲ, ಅದಕ್ಕೆ ಆ ಹೆಸರು. ಹಳೇ ಲಾರಿಗಳಲ್ಲಿ ಕಲಿತವನು. ಅವುಗಳಲ್ಲಿ ಕ್ಲಚ್ ಒತ್ತಿ ಗೇರು ಬಿಡಿಸಬೇಕು, ಕ್ಲಚ್ ಬಿಟ್ಟು ಸ್ವಲ್ಪ ರೇಸ್ ಕೊಡಬೇಕು, ಮತ್ತೆ ಕ್ಲಚ್ ಒತ್ತಿ ಇನ್ನೊಂದು ಗೇರಿಗೆ ಹಾಕಬೇಕು. ಈಗಿನ ಗೇರ್‌ಬಾಕ್ಸುಗಳಲ್ಲಿ ಈ ಹೊಂದಾಣಿಕೆಯನ್ನು ಒಳಗಿರುವ ಹಿತ್ತಾಳೆ ರಿಂಗುಗಳೇ ಮಾಡಿಕೊಳ್ಳುತ್ತವೆ, ಒಂದು ಸಲ ಒತ್ತಿದರೆ ಸಾಕು. ಬೆಣ್ಣೆಯ ಎಡಗಾಲಿಗೆ ಅದನ್ನು ಯಾರು ಹೇಳಬೇಕು. ಅದು ಎರಡು ಸಲವೇ ಒತ್ತುತ್ತಿತ್ತು. ಒತ್ತಿ ಒತ್ತಿ ಮಂಡಿಯೇ ಸವೆದುಹೋಯಿತು.

ಮುಷ್ಕರದವನೆಂದು ಬೇರೆ ಯಾವ ಮಾಲೀಕನೂ ಅವನನ್ನು ಹತ್ತಿರ ಸೇರಿಸಲಿಲ್ಲ. ಹಳೆಯದೊಂದು ಲಾರಿ ಕೊಳ್ಳುವುದು, ಮಗಳು ಓಡಿಸುವುದು ಎಂದು ಮನೆಯಲ್ಲಿ ತೀರ್ಮಾನವಾಯಿತು. ದೊಡ್ಡ ಗಾಡಿಯ ಲೈಸೆನ್ಸನ್ನು ಅವಳು ಆಗಲೇ ಮಾಡಿಸಿಕೊಂಡಿದ್ದಳು.

"ಅವಳು ಕೆಲಸ ಕೇಳ್ಕೊಂಡು ಆ ಕಂಪನಿ ಗೇಟಿನ ಮುಂದೆ ಹೋಗಿ ನಿಂತ್ಕೋಬಾರ್ದು. ನನಗೆ ಬೇಕಾಗಿರೋದು ಇಷ್ಟೇ ಕಣೋ," ಎಂದಿದ್ದ ನನ್ನ ಹತ್ತಿರ.

ಹಳೇ ಗಾಡಿ ಮಾರುವ ಅಂಗಳಕ್ಕೆ ನಾನೂ ಜೊತೆಗೆ ಹೋಗಿದ್ದೆ. ಅವರ ಕೈಗೆ ಎಟುಕುವಂಥವು ಎರಡೇ ಇದ್ದವು. ಒಂದು ಕಸ ಸಾಗಿಸುತ್ತಿದ್ದ ಲಾರಿ, ದೊಡ್ಡ ಎಂಜಿನ್, ಆಟೊಮ್ಯಾಟಿಕ್ ಗೇರು. ಮಗಳು ಅದರೊಳಗೆ ಹತ್ತಿ ಕೂತು ಕೆಳಗೆ ನೋಡಿದಳು.

"ಅಪ್ಪ, ಇದರಲ್ಲಿ ಕ್ಲಚ್ಚೇ ಇಲ್ಲ. ನಿನ್ನ ಮಂಡಿಗೂ ಒಳ್ಳೇದು."

"ಕ್ಲಚ್ ಇಲ್ಲ ಅಂದ್ಮೇಲೆ ಅದು ಲಾರಿನಾ, ಲಿಫ್ಟಾ? ಇಳಿ ಕೆಳಗೆ. ಹೊಗೆ ನೋಡು, ನೀಲಿ. ಆಯಿಲ್ ಸುಡ್ತಿದೆ."

ಅದು ನಿಜವೇ ಆಗಿತ್ತು. ಅಂಥ ಗೇರ್‌ಬಾಕ್ಸ್ ಕೆಟ್ಟರೆ ಬಿಚ್ಚಬಲ್ಲವರು ನಮ್ಮ ಕಡೆ ಯಾರೂ ಇಲ್ಲವೆಂಬುದೂ ನಿಜ.

ಇನ್ನೊಂದು ಅಂಗಡಿ ಸಾಮಾನು ಹೊರುತ್ತಿದ್ದ ಗಾಡಿ, ಕೈಗೇರಿನದು. ಬೆಣ್ಣೆ ಮೊದಲು ಬಾನೆಟ್ ಎತ್ತಿ ಎಂಜಿನ್ನಿನ ಮೇಲೆ ಅಂಗೈ ಇಟ್ಟ. ತಣ್ಣಗಿತ್ತು. ಅಂದರೆ ಅಂಗಳದ ದಲ್ಲಾಳಿ ಮೊದಲೇ ಬಿಸಿ ಮಾಡಿಟ್ಟು ಯಾಮಾರಿಸುತ್ತಿಲ್ಲ. ಕೀಲಿ ತಿರುಗಿಸಿದ ಕೂಡಲೇ ಎದ್ದಿತು. ಆಯಿಲ್ ಸುರಿಯುವ ಮುಚ್ಚಳವನ್ನು ಬಿಚ್ಚಿ ಅದೇ ಬಾಯಿಯ ಮೇಲೆ ಬೋರಲು ಇಟ್ಟ. ಒಳಗೆ ಸವೆದ ಎಂಜಿನ್ನಾದರೆ ಗಾಳಿ ಒದ್ದು ಮುಚ್ಚಳ ಕುಣಿದು ಬೀಳುತ್ತದೆ. ಇದು ಮಿಸುಕಾಡಲಿಲ್ಲ.

"ನಾನೊಂದ್ಸಲ ಓಡಿಸ್ಲಾ?" ಎಂದಳು ಮಗಳು.

"ಮನೆಗೆ ತಂದ್ಮೇಲೆ ಜೀವಮಾನ ಪೂರ್ತಿ ಓಡ್ಸು. ಈಗ ಪಕ್ಕದಲ್ಲಿ ಕೂತು ಕೇಳಿಸ್ಕೋ."

ಮೂವರೂ ಕ್ಯಾಬಿನ್ನಿನಲ್ಲಿ ತುರುಕಿಕೊಂಡು ಒಂದು ಸುತ್ತು ಹೊಡೆದೆವು. ನೋಯುವ ಮಂಡಿಯಲ್ಲೂ ಅವನ ಕಾಲು ಹಳೇ ಲೆಕ್ಕದಲ್ಲೇ ಎರಡೆರಡು ಸಲ ಇಳಿದು ಎದ್ದಿತು. ಒಂದು ಗೇರೂ ಕರ್ರೆನ್ನಲಿಲ್ಲ. ದಲ್ಲಾಳಿ ಬಾಯಿ ತೆರೆಯುವ ಅಗತ್ಯವೇ ಬೀಳಲಿಲ್ಲ, ನಾವು ಮರಳಿದಾಗ ಅಂಗಳದ ಬಾಗಿಲಿಗೆ ಒರಗಿ ನಗುತ್ತಿದ್ದ. ಮುಷ್ಕರ ಮುಗಿದ ಮೇಲೆ ಬೆಣ್ಣೆಯೂ ನಕ್ಕಿದ್ದು ಅವತ್ತೇ.

ಮಗಳು ಗಾಡಿಯನ್ನು ಮೊದಲ ಸಲ ಬೀದಿಗೆ ತೆಗೆದಾಗ ಗೇರು ಹಾಕಿದ ಸದ್ದಿಗೆ ನೆರೆಮನೆಯವರು ಹೊರಗೆ ಬಂದರು. ಕಬ್ಬಿಣದ ಹಲ್ಲುಗಳು ಒಂದನ್ನೊಂದು ಕಡಿಯುವ ಸದ್ದು.

"ಕಾಲಾ ಅದು, ಒನಕೆನಾ?" ಎಂದ ಅಪ್ಪ.

ದಿನವೂ ಅದೇ ಬೈಗುಳ. ಅವಳು ತುಟಿ ಕಚ್ಚಿಕೊಂಡು ಓಡಿಸಿದಳು. ಸರಕು ತಡವಾಗಿ ತಲುಪತೊಡಗಿತು, ಅಂಗಡಿಯವರು ಗೊಣಗಿದರು. ಕೊನೆಗೆ ಅವನ ಹೆಂಡತಿಯೇ, "ಅವಳ ಕಾಲು ಬಿಚ್ಚಿ ನೋಡಿದ್ದು ಸಾಕು, ಗಾಡಿ ಬಿಚ್ಚಿ ನೋಡ್ರೀ," ಎಂದಳು.

ನಮ್ಮ ಹಳೇ ಡಿಪೋದ ಮೆಕ್ಯಾನಿಕ್ ಗೇರ್‌ಬಾಕ್ಸ್ ಇಳಿಸಿ ಚಿಂದಿಯಲ್ಲಿ ಒರೆಸಿ ತೋರಿಸಿದ. ಹಿತ್ತಾಳೆ ರಿಂಗುಗಳು ಬೋಳಾಗಿದ್ದವು, ಹಿಡಿತ ಕೊಡುವ ಒಂದು ಗೆರೆಯೂ ಉಳಿದಿರಲಿಲ್ಲ.

"ಇದು ಈ ಹುಡುಗಿ ಸವೆಸಿದ್ದಲ್ಲಪ್ಪ. ವರ್ಷಗಟ್ಟಲೆ ಸವೆದದ್ದು. ತಗೊಳ್ಳೋವಾಗ ಓಡಿಸಿ ನೋಡಿದ್ದು ಯಾರು?"

ಮಗಳು ಅಪ್ಪನ ಕಡೆ ನೋಡಿದಳು.

"ನೀನಾ? ಹಾಗಿದ್ರೆ ಬಿಡು. ನೀನು ಎರಡೆರಡು ಸಲ ಒತ್ತಿದ್ರೆ ರಿಂಗಿಗೆ ಕೆಲಸವೇ ಇಲ್ಲ, ನಿನ್ನ ಕಾಲಿಗೆ ಎಲ್ಲಾ ಗೇರ್‌ಬಾಕ್ಸೂ ಹೊಸದೇ."

"ರಿಂಗು ಸಿಗಲ್ವಾ?" ಎಂದ ಬೆಣ್ಣೆ.

"ಈ ಮಾದರಿ ನಿಂತು ಯಾವ ಕಾಲ ಆಯ್ತು. ಗುಜರಿಯಿಂದ ತಂದ್ರೂ ಇಷ್ಟೇ ಸವೆದಿರೋ ಇದರ ಅಣ್ಣನೇ ಸಿಗೋದು."

ಮತ್ತೆ ಜೋಡಿಸಿದರು. ಅಪ್ಪನ ಹಾಗೆ ಎರಡು ಸಲ ಒತ್ತುವುದನ್ನು ಮಗಳು ಕಲಿಯತೊಡಗಿದಳು. ಕಾಲಿಗೆ ಮಾತ್ರ ಗೊತ್ತಿರುವುದನ್ನು ಬಾಯಲ್ಲಿ ಹೇಳಿಕೊಡಲು ಅವನಿಗೆ ಬರಲಿಲ್ಲ, ಬೈಯಲು ಬರುತ್ತಿತ್ತು. ಖಾಲಿ ಗಾಡಿಯಲ್ಲಿ ಅವಳಿಗೆ ಹೇಗೋ ಒಗ್ಗಿತು. ಹೆಂಚು ತುಂಬಿಕೊಂಡು ಇಳಿಜಾರಿನಲ್ಲಿ ಬರುವಾಗ ಮೂರನೇ ಗೇರಿಗೆ ಇಳಿಸಲು ಹೋದಳು. ಇದ್ದ ಗೇರು ಬಿಟ್ಟಿತು, ಕೆಳಗಿನದು ಬೀಳಲಿಲ್ಲ. ಗಾಡಿ ಯಾವ ಗೇರಿನ ಹಿಡಿತವೂ ಇಲ್ಲದೆ ಓಡಿತು, ಬ್ರೇಕು ಕಾದು ನಾತ ಹೊಡೆಯಿತು. ರಸ್ತೆ ಬದಿಯ ಮರಳ ಗುಡ್ಡೆಗೆ ನುಗ್ಗಿಸಿ ನಿಲ್ಲಿಸಿದಳು. ಮೈಗೆ ಏನೂ ಆಗಲಿಲ್ಲ. ಕೀಲಿಯನ್ನು ತಂದು ಅಪ್ಪನ ಮುಂದಿಟ್ಟಳು.

ಮುಂದಿನ ವಾರ ನಾನು ಅವರ ಮನೆಯಲ್ಲಿದ್ದಾಗಲೇ ಅವಳು ಒಳಗೆ ಬಂದು ಚಪ್ಪಲಿ ಬಿಟ್ಟು ಹೇಳಿದಳು.

"ಕಂಪನೀಲಿ ಕೆಲಸ ಸಿಕ್ತು ಅಪ್ಪ. ಅಲ್ಲಿ ಈಗ ಎಲ್ಲಾ ಆಟೊಮ್ಯಾಟಿಕ್ಕೇ."

"ಯಾರ ಮಗಳು ಅಂತ ಕೇಳಿದ್ರಾ?"

"ಕೇಳಿದ್ರು. ಹೇಳ್ದೆ."

"ಏನಂದ್ರು?"

"ನಕ್ಕರು. ಸಂಘಕ್ಕೆ ಸೇರಲ್ಲ ಅಂತ ಬರ್ಕೊಡು ಅಂದ್ರು. ಬರ್ಕೊಟ್ಟೆ."

ಬೆಣ್ಣೆ ನನ್ನ ಮುಖ ನೋಡಿದ. ನನ್ನ ಹತ್ತಿರ ಇದ್ದದ್ದು ಸಂಘದ ಸಭೆಗಳಲ್ಲಿ ಮಾಡಿದ ಭಾಷಣಗಳು, ಅವು ಅವಳಿಗೆ ಹೇಳುವಂಥವಲ್ಲ.

ಆಮೇಲೊಂದು ದಿನ ಅದೇ ದಲ್ಲಾಳಿ ಮಾರಲು ಇಟ್ಟಿದ್ದ ಲಾರಿಗೆ ಗಿರಾಕಿ ಕರೆತಂದ. ಯಾರದೋ ಗಾಡಿ ಓಡಿಸಿ ಸಾಕಾಗಿ ಸ್ವಂತದ್ದು ಹುಡುಕುತ್ತಿದ್ದವನು, ಜೊತೆಗೆ ಹೆಂಡತಿ. ದಲ್ಲಾಳಿ ಬೆಣ್ಣೆಯನ್ನು ಪಕ್ಕಕ್ಕೆ ಎಳೆದ.

"ನೀವೇ ಒಂದು ಸುತ್ತು ಓಡಿಸಿ ತೋರಿಸ್ಬಿಡಿ ಅಣ್ಣಾ. ಅವರಿಗೇನು ಗೊತ್ತಾಗತ್ತೆ."

ಬೆಣ್ಣೆ ಕ್ಯಾಬಿನ್ ಹತ್ತಿದ. ಮಂಡಿ ಮಡಿಸಲು ಹೊತ್ತು ಹಿಡಿಯಿತು. ಕೂತ, ಎಂಜಿನ್ ಎಬ್ಬಿಸಿದ. ಗಿರಾಕಿಯ ಹೆಂಡತಿ ಮುಖ ಅರಳಿಸಿ ಸದ್ದು ಕೇಳುತ್ತ ನಿಂತಿದ್ದಳು. ಬೆಣ್ಣೆ ಗೇರಿನ ಮೇಲಿಟ್ಟ ಕೈ ತೆಗೆದು ಕೆಳಗಿಳಿದು ಬಂದ.

"ನೀನೇ ಓಡ್ಸಪ್ಪ," ಎಂದ ಗಿರಾಕಿಗೆ.

ಬೀದಿಯ ತುದಿಯಿಂದಲೇ ಕರ್ರೆಂದದ್ದು ಕೇಳಿಸಿತು. ಮರಳಿ ಬಂದವನು ಕೀಲಿ ಕೊಟ್ಟು, ಹೆಂಡತಿಯನ್ನು ಕರೆದುಕೊಂಡು ಹೋದ. ದಲ್ಲಾಳಿ ಉಗಿದು ಹೋದ. ಮತ್ತೆ ಬರಲಿಲ್ಲ.

"ಕೊಳ್ಳೋಕೂ ಬರ್ಲಿಲ್ಲ ನಿಮಗೆ, ಮಾರೋಕೂ ಬರ್ಲಿಲ್ಲ," ಎಂದಳು ಹೆಂಡತಿ ಬಾಗಿಲಲ್ಲಿ ನಿಂತು.

ಹಗ್ಗದ ಮೇಲೆ ಮಗಳ ಕಂಪನಿ ಅಂಗಿ ಒಣಗುತ್ತಿತ್ತು. ಅದು ಲಾರಿಯ ಗ್ರೀಸಿಗೆ ತಾಗುತ್ತಿದೆಯೆಂದು ಬೆಣ್ಣೆಯೇ ಎದ್ದು ಕುಂಟುತ್ತ ಹೋಗಿ ಅತ್ತ ಸರಿಸಿದ.