ಕೌದಿಯ ಹೊಟ್ಟೆ

ಇಲ್ಲಿ ಬರೆದದ್ದೆಲ್ಲ ಹೀಗೇ ನಡೆಯಿತು ಎಂದು ಆಣೆ ಮಾಡಿ ಹೇಳಲಾರೆ. ಚೆನ್ನೈಗೆ ಬಂದ ದಿನ ಈ ಮನೆಯ ಬಾಗಿಲು ಹಸಿರಾಗಿತ್ತೆಂದು ನನ್ನ ನೆನಪು. ನಿನ್ನೆ ಹಾಲು ತರಲು ಹೋದಾಗ ನಿಂತು ನೋಡಿದೆ, ನೀಲಿ. ನಡುವೆ ಬಣ್ಣ ಹಚ್ಚಿದ್ದರೇನೋ ಎಂದು ಕೇಳಿದರೆ, ಇಲ್ಲವಂತೆ. ಅಂದಮೇಲೆ ಉಳಿದದ್ದರಲ್ಲಿಯೂ ಎಷ್ಟು ಹಸಿರನ್ನು ನಾನೇ ಬಳಿದಿದ್ದೇನೋ ಗೊತ್ತಿಲ್ಲ.

ಆದರೆ ಮೆಟ್ಟಿಲ ಮೇಲೆ ಕುಳಿತಿದ್ದ ಮಕ್ಕಳ ವಿಷಯದಲ್ಲಿ ನನಗೆ ಅನುಮಾನವಿಲ್ಲ. ಎಲ್ಲರ ಬಾಯಿಗೂ ಮಾಸ್ಕ್. ಒಬ್ಬರ ತಲೆಯಲ್ಲೂ ಕೂದಲಿಲ್ಲ. ಚೌಕಾಬಾರದಂಥದ್ದೇನೋ ಆಡುತ್ತಿದ್ದವರು ಆಟ ನಿಲ್ಲಿಸಿ ನನ್ನ ಮಗಳನ್ನು ನೋಡಿದರು. ಆರು ವರ್ಷದ ಸಹನಾಳಿಗೆ ರೈಲಿನಲ್ಲೇ ಎರಡು ಜಡೆ ಹೆಣೆದು ಕೆಂಪು ರಿಬ್ಬನ್ ಕಟ್ಟಿದ್ದೆ. ಅವಳಿಗಿಂತ ಚಿಕ್ಕ ಹುಡುಗಿಯೊಬ್ಬಳು ಎದ್ದು ಬಂದು ಒಂದು ಜಡೆಯನ್ನು ಮೆಲ್ಲಗೆ ಹಿಡಿದು ನೋಡಿ, ಬಿಟ್ಟು, ನಕ್ಕು ಓಡಿದಳು. ಆ ಮನೆಯಲ್ಲಿ ವಿಚಿತ್ರವಾಗಿದ್ದವಳು ನನ್ನ ಮಗಳು.

ನಮ್ಮದು ಶಿಗ್ಗಾಂವಿ ತಾಲೂಕಿನ ಹಿರೇಬೆಂಡಿಗೇರಿ. ನನ್ನ ತವರು ಹಾನಗಲ್ಲ ಕಡೆಯ ತಿಳವಳ್ಳಿ. ಧಾರವಾಡದಲ್ಲಿ ಎಂ.ಎ. ಮುಗಿಸಿ, ಶಿಗ್ಗಾಂವಿಯ ಕಾಲೇಜಿನಲ್ಲಿ ಅತಿಥಿ ಉಪನ್ಯಾಸಕಿಯಾಗಿದ್ದೆ. ಮಗಳ ಮೈಮೇಲೆ ನೀಲಿ ಕಲೆಗಳು ಕಂಡಾಗ ಆಟದಲ್ಲಿ ಬಿದ್ದಿರಬೇಕು ಅಂದುಕೊಂಡೆವು. ಹುಬ್ಬಳ್ಳಿಯಲ್ಲಿ ರಕ್ತ ಪರೀಕ್ಷೆಯಾಯಿತು. ರಕ್ತದ ಕ್ಯಾನ್ಸರ್ ಎಂದರು, ಮಕ್ಕಳಲ್ಲಿ ಗುಣವಾಗುವಂಥದ್ದು ಎಂದೂ ಹೇಳಿ ಇಲ್ಲಿಗೆ ಕಳಿಸಿದರು. ಶಿಗ್ಗಾಂವಿಯಲ್ಲಿ ಮೊಬೈಲ್ ರಿಪೇರಿ ಅಂಗಡಿ ನಡೆಸುವ ನನ್ನ ಗಂಡ ನಮ್ಮನ್ನು ಇಲ್ಲಿ ಬಿಟ್ಟು ಹಿಂದಿರುಗಿದರು. ಅಂಗಡಿ ಮುಚ್ಚಿದರೆ ನಡೆಯುವುದಿಲ್ಲ.

ಆಸ್ಪತ್ರೆಯವರು ಹೇಳಿದ್ದು ಒಂದೇ: ಔಷಧಿಯಿಂದ ಮೈಯ ಶಕ್ತಿ ಇಳಿದಿರುವಾಗ ಜ್ವರ ಬರಬಾರದು, ಬಂದರೆ ತಡಮಾಡದೆ ಕರೆತರಬೇಕು. ಹಾಗಾಗಿ ವಾರ್ಡಿನಲ್ಲಿ ಇಲ್ಲದ ದಿನಗಳಲ್ಲೂ ಹತ್ತಿರವೇ ಇರಬೇಕು. ಅದಕ್ಕೆಂದೇ ಒಂದು ಟ್ರಸ್ಟಿನವರು ನಡೆಸುವ ಮನೆ ಇದು. ಕುಟುಂಬಕ್ಕೊಂದು ಕೋಣೆ, ಮಹಡಿಗೊಂದು ಅಡುಗೆಮನೆ. ಕಿಟಕಿಗೆಲ್ಲ ಸೊಳ್ಳೆ ಜಾಲರಿ. ನಮ್ಮ ಕಡೆ ಯಾರನ್ನಾದರೂ ದವಾಖಾನೆಗೆ ಸೇರಿಸಿದರೆ ಓಣಿಯ ಅರ್ಧ ಮಂದಿ ಬುತ್ತಿ ಕಟ್ಟಿಕೊಂಡು ಬಂದು ವರಾಂಡದಲ್ಲಿ ಕೂಡುತ್ತಾರೆ. ಬೇಸರವಾಗುವಷ್ಟು ಜನ. ಇಲ್ಲಿ ಮಗುವಿಗೆ ಒಬ್ಬರು ಮಾತ್ರ. ಮಾತಾಡಿಸಲು ಬಂದವರನ್ನು ಬಾಗಿಲಲ್ಲೇ ತಡೆಯುವುದು ತಾಯಿಯ ಕೆಲಸ. ತಡೆಯುವುದಕ್ಕಾದರೂ ಯಾರಾದರೂ ಬರಲಿ ಎಂದು ಎಷ್ಟೋ ಮಧ್ಯಾಹ್ನ ಅನಿಸಿದೆ.

ತಮಿಳಿನಲ್ಲಿ ನಾನು ಕಲಿತ ಮೊದಲ ಮಾತು ‘ಸಾಪ್ಟಿಂಗ್ಳಾ?’ ಊಟವಾಯಿತೇ ಎಂದು. ಮನೆ ನೋಡಿಕೊಳ್ಳುವ ಸೆಲ್ವಿ ಅಕ್ಕ ದಿನಾ ಕೇಳುತ್ತಾರೆ, ಮೊಸರಿನವನು ಕೇಳುತ್ತಾನೆ, ಆಸ್ಪತ್ರೆಯ ಗೇಟಿನವನೂ ಕೇಳುತ್ತಾನೆ. ನಮ್ಮಲ್ಲಿ ‘ಊಟ ಆತೇನ್ರಿ’ ಅಂದವರಿಗೆ ಆತ್ರಿ ಅಂದು ಮುಂದೆ ನಡೆಯುತ್ತೇವೆ. ಇಲ್ಲಿಯೂ ಹಾಗೇ ಅಂದು ನಡೆಯುತ್ತಿದ್ದೆ. ಒಂದು ದಿನ ಮಾತ್ರ ‘ಇಲ್ಲೆ’ ಅಂದುಬಿಟ್ಟೆ. ‘ಇಲ್ಲ’ಕ್ಕೆ ತಮಿಳಿನಲ್ಲಿ ಹಾಗೇ ಅನ್ನುವುದು. ಸೆಲ್ವಿ ಅಕ್ಕ ಏನೂ ಕೇಳದೆ ಹೋಗಿ, ಒಂದು ಲೋಟ ಗಂಜಿ ತಂದಿಟ್ಟರು. ಕುಡಿಯುವಾಗ ಅತ್ತೆನೋ ಇಲ್ಲವೋ ನೆನಪಿಲ್ಲ. ಅತ್ತಿದ್ದೆ ಅಂದರೆ ಕಥೆಗೆ ಚೆಂದ. ಅದಕ್ಕೇ ನನಗೆ ಅನುಮಾನ.

ಅಡುಗೆಮನೆಯ ಕಿಟಕಿಯ ಕೆಳಗೆ ಒಂದು ಕಟ್ಟೆ ಇದೆ. ಗುಣವಾಗಿ ಊರಿಗೆ ಹೊರಟವರು ಅದರ ಮೇಲೆ ಏನಾದರೊಂದು ಬಿಟ್ಟು ಹೋಗಬೇಕು. ಇದು ಈ ಮನೆಯ ಪದ್ಧತಿ. ಬೇಡವಾದದ್ದನ್ನಲ್ಲ, ಇಲ್ಲಿದ್ದಾಗ ತಮಗೆ ಆಸರೆಯಾದದ್ದನ್ನು. ಬಿಸಿನೀರಿನ ಚೀಲ, ಚಹಾ ಸೋಸುವ ಜಾಲರಿ, ಕುತ್ತಿಗೆಗೆ ಇಟ್ಟುಕೊಳ್ಳುವ ದಿಂಬು, ಒಂದು ಕಿವಿ ಮುರಿದ ಕುಕ್ಕರ್. ಅದನ್ನೆಲ್ಲ ಬಿಟ್ಟವರು ಯಾರೋ, ಅವರ ಮಕ್ಕಳು ಈಗ ಹೇಗಿದ್ದಾರೋ. ಅದರಲ್ಲಿ ನನಗೆ ರೊಟ್ಟಿ ಬೇಯಿಸಲು ಒಂದು ಕಬ್ಬಿಣದ ಹಂಚು ಸಿಕ್ಕಿತು. ಬಿಟ್ಟವರಿಗೆ ಅದು ದೋಸೆಕಲ್ಲಾಗಿದ್ದಿರಬೇಕು.

ಔಷಧಿ ಶುರುವಾದ ಮೇಲೆ ಸಹನಾ ಅನ್ನ ಮುಟ್ಟುತ್ತಿರಲಿಲ್ಲ. “ಅವ್ವಾ, ಬಿಸಿ ರೊಟ್ಟಿ ಬೇಕು” ಅಂದಳು. ಊರಿನಿಂದ ತಂದ ಜೋಳದ ಹಿಟ್ಟು ಇತ್ತು. ಕಲ್ಲುಕಟ್ಟೆಯ ಮೇಲೆಯೇ ಬಡಿಯತೊಡಗಿದೆ. ಇಡೀ ಮಹಡಿಗೆ ಸದ್ದು. ಏನು ಬಿತ್ತು ಎಂದು ಸೆಲ್ವಿ ಅಕ್ಕ ಓಡಿ ಬಂದರು. ಅವರ ಹಿಂದೆಯೇ ಕೆಳಗಿನ ಮಹಡಿಯಿಂದ ಒಬ್ಬಾಕೆ ಏದುಸಿರು ಬಿಡುತ್ತ ಬಂದು ಬಾಗಿಲು ಹಿಡಿದು ನಿಂತಳು.

“ಯಾರವಾ ಇಲ್ಲಿ ರೊಟ್ಟಿ ಬಡ್ಯಾಕತ್ತಾಕಿ?”

ಕನ್ನಡ! ಹಿಟ್ಟು ಬಡಿಯುತ್ತಿದ್ದ ಕೈ ಹಾಗೇ ನಿಂತಿತು. “ನಾನ್ರಿ. ತಿಳವಳ್ಳಿಯಾಕಿ. ಕೊಟ್ಟ ಊರು ಹಿರೇಬೆಂಡಿಗೇರಿ.”

“ತಿಳವಳ್ಳಿ? ಅನ್ನ ಉಣ್ಣೋ ಮಂದಿ ಬಿಡ್ರಿ ನೀವು. ಅದಕ್ಕ ರೊಟ್ಟಿ ಹಿಂಗ ಕೆರಿ ದಂಡಿ ಇದ್ದಂಗ ಸೊಟ್ಟ ಆಗೇತಿ.”

“ನಿಮ್ಮದ್ಯಾವ ಊರ್ರಿ?”

“ಸವಣೂರು. ಸರೀರಿ ಅತ್ಲಾಗ, ನಾ ಬಡೀತೇನಿ. ಈ ಸದ್ದು ಕೇಳಿ ಎಷ್ಟ ದಿನ ಆಗಿತ್ತು ಅಂತೀರಿ! ಯಾ ಅಲ್ಲಾ, ಯಾರೋ ನಮ್ಮ ಮಂದಿ ಅಂತ ಒಲಿ ಮ್ಯಾಲಿನ ಹಾಲು ಬಿಟ್ಟು ಓಡಿ ಬಂದೇನಿ.”

ಹಾಲು ಅಷ್ಟರಲ್ಲಿ ಉಕ್ಕಿ ಹೋಗಿತ್ತು. ಅವರೇ ಮುಮತಾಜಕ್ಕ. ಗಂಡನದು ವೀಳ್ಯದೆಲೆ ವ್ಯಾಪಾರ, ಮಗ ರಿಯಾಜನಿಗೂ ಸಹನಾಳದೇ ಕಾಯಿಲೆ. ಊರಲ್ಲಿ ನಾವಿಬ್ಬರೂ ಅದೇ ಬಸ್ಸು ಹತ್ತಿದವರು, ಅದೇ ಪೇಟೆಯಲ್ಲಿ ಬಟ್ಟೆ ಕೊಂಡವರು. ಆದರೆ ಊರಲ್ಲಿದ್ದರೆ ಆಕೆ ನನ್ನ ಅಡುಗೆಮನೆಗೆ ಬಂದು ನನ್ನನ್ನು ಸರಿಸಿ ರೊಟ್ಟಿ ಬಡಿಯುತ್ತಿದ್ದಳೇ? ನಾನು ಬಡಿಯಗೊಡುತ್ತಿದ್ದೆನೇ? ಇದನ್ನು ನನಗೆ ನಾನೇ ಕೇಳಿಕೊಂಡಿದ್ದೇನೆ. ಹೌದು ಎಂದು ಬರೆಯಲು ಕೈ ಬರುವುದಿಲ್ಲ.

ಇನ್ನು ಕೌದಿಯ ವಿಷಯ. ನಾವು ಇಲ್ಲಿಗೆ ಬರುವ ಮುಂಚೆಯೇ ಅತ್ತೆ ಸಹನಾಳಿಗೆ ಹೊದೆಯಲೆಂದು ಕೌದಿ ಹೊಲಿಯಲು ಕುಳಿತಿದ್ದರು. ನನ್ನ ಮದುವೆಯ ಕಾಲದ ಸೀರೆ, ಮಾವನವರ ಧೋತರ, ಸಹನಾಳ ಅಂಗಿಗಳು, ಎಲ್ಲ ಸೇರಿ ತೇಪೆ ತೇಪೆ. ಸಹನಾ ಪಕ್ಕದಲ್ಲಿ ಕುಳಿತು ಸೂಜಿಗೆ ದಾರ ಪೋಣಿಸಿ ಕೊಡುತ್ತಿದ್ದಳು. ಅದು ಮುಗಿದ ಮೇಲೆ ನನ್ನ ಗಂಡ ಒಮ್ಮೆ ಬಂದಾಗ ತಂದರು. ವಾರ್ಡಿನೊಳಗೆ ಬಿಡುವುದಿಲ್ಲ, ಕೋಣೆಯಲ್ಲಿ ಇಟ್ಟುಕೊಳ್ಳಬಹುದು, ಕುದಿನೀರಿನಲ್ಲಿ ಒಗೆದು ಬಳಸಿ ಎಂದು ಆಸ್ಪತ್ರೆಯವರು ಹೇಳಿದರು. ಮರುದಿನ ಒಗೆಯೋಣವೆಂದು ಮಂಚದ ಕಾಲ ಬಳಿ ಮಡಚಿಟ್ಟೆ. ಗಂಡ ಸಂಜೆಯ ರೈಲಿಗೆ ಹೊರಟರು. ಹೋಗುವಾಗ ‘ಬರ್ತೇನಿ’ ಅನ್ನಲಿಲ್ಲ. ಅಂದರೆ ಮತ್ತೆ ಅಲ್ಲಿಗೇ ಬರುವಂತಾದೀತೆಂದು ನಮ್ಮಲ್ಲಿ ದವಾಖಾನೆ ಬಿಟ್ಟು ಹೊರಡುವಾಗ ಹಾಗೆ ಅನ್ನುವುದಿಲ್ಲ. ಪದ್ಧತಿ ಗೊತ್ತಿದ್ದರೂ, ಅಂದರೇನಾಗುತ್ತಿತ್ತು ಎಂದು ಬಾಗಿಲಲ್ಲಿ ನಿಂತು ನೋಡಿದೆ.

ಮರುದಿನ ಬೆಳಿಗ್ಗೆ ಅಡುಗೆಮನೆಯಿಂದ ಬರುವಷ್ಟರಲ್ಲಿ ಸಹನಾ ಕೌದಿಯ ಒಂದು ಮೂಲೆಯ ಹೊಲಿಗೆ ಬಿಚ್ಚಿ ಕುಳಿತಿದ್ದಳು. ಬಾಯಿ ಆಡುತ್ತಿತ್ತು. ಮಡಿಲಲ್ಲಿ ಹಳದಿ ಚೂರು, ಅದರ ಸುತ್ತ ಇರುವೆ.

“ಏನದು? ಏನ ತಿನ್ನಾಕತ್ತಿ? ಬಾಯಿ ತಗಿ!”

“ಹೋಳಿಗಿ,” ಅಂದಳು. “ಆಯಿ ಇಟ್ಟಾಳ. ಕೌದಿ ಹೊಟ್ಟಿ ಖಾಲಿ ಇರಬಾರದಂತ, ಹಸಿದಿರತೈತಂತ. ಮುಚ್ಚೋ ಮುಂದ ಇಡತೇನಿ ಅಂತ ನನಗ ಹೇಳಿದ್ಲು.”

ನನಗೆ ಗೊತ್ತಿದ್ದದ್ದೇ. ಕೊನೆಯ ಮೂಲೆ ಹೊಲಿಯುವ ಮುಂಚೆ ರೊಟ್ಟಿಯದೋ ಹೋಳಿಗೆಯದೋ ತುಂಡು ಇಡುತ್ತಾರೆ. ತಿಳವಳ್ಳಿಯಲ್ಲಿ ನನ್ನ ಅವ್ವನೂ ಇಟ್ಟದ್ದನ್ನು ಕಂಡಿದ್ದೇನೆ. ಕಂಡವಳು ಮರೆತೆ, ಆರು ವರ್ಷದವಳು ನೆನಪಿಟ್ಟುಕೊಂಡಳು. ತಿಂಗಳುಗಟ್ಟಲೆ ಸಪ್ಪೆ ಊಟ ಉಂಡ ಮಗು ತನ್ನ ಅಜ್ಜಿ ತನಗಾಗಿ ಬಚ್ಚಿಟ್ಟ ಸಿಹಿಯನ್ನು ಹುಡುಕಿ ತೆಗೆದಿತ್ತು. ಬಾಯೊಳಗೆ ಬೆರಳು ಹಾಕಿ ಸಿಕ್ಕಷ್ಟು ತೆಗೆದೆ. ಅವಳು ಅತ್ತಳು. “ಅದು ನಂದು!” ಎಂದು ಕೂಗಿದಳು.

ಅಂದೇ ಸಂಜೆ ಜ್ವರ ಬಂತು.

ನಡೆದದ್ದನ್ನು ಮುಮತಾಜಕ್ಕನಿಗೆ ಹೇಳಿ, ಕೋಣೆಯ ಕೀಲಿ ಅವರ ಕೈಗಿಟ್ಟು ಆಸ್ಪತ್ರೆಗೆ ಓಡಿದೆ. ವಾರ್ಡಿಗೆ ಸೇರಿಸಿದರು. ಹಳಸಿದ ಹೋಳಿಗೆ ತಿಂದಳು ಎಂದು ಡಾಕ್ಟರಿಗೆ ಹೇಳಿದೆ. ಅವರು ಬೈಯಲಿಲ್ಲ. ರಕ್ತಕಣಗಳು ಮೊದಲೇ ಇಳಿದಿದ್ದವು, ಇದರಿಂದಲೇ ಎಂದೂ ಹೇಳಲಾಗದು, ಅಲ್ಲವೆಂದೂ ಹೇಳಲಾಗದು ಎಂದರು. ಬೆಳಿಗ್ಗೆ ಅವಳ ತಲೆಗೆ ವಸ್ತ್ರ ಕಟ್ಟುವಾಗ ಹಣೆ ಬೆಚ್ಚಗಿತ್ತೇ? ಒಮ್ಮೆ ಇತ್ತು ಅನಿಸುತ್ತದೆ. ಆಗ ಹೋಳಿಗೆಯ ತಪ್ಪಲ್ಲ. ಇನ್ನೊಮ್ಮೆ ನೆನಪಿಸಿಕೊಂಡರೆ ಹಣೆ ತಣ್ಣಗಿರುತ್ತದೆ. ನನಗೆ ಬೇಕಾದಾಗ ಬೇಕಾದ ಹಣೆ ಸಿಗುತ್ತದೆ. ಹಾಗಾಗಿ ಎರಡನ್ನೂ ನಂಬುವುದಿಲ್ಲ.

ಆ ದಿನಗಳಲ್ಲಿ ವಾರ್ಡಿನ ಕಿಟಕಿಯಿಂದ ನಮ್ಮ ಮನೆಯ ಅಡುಗೆಕೋಣೆಯ ಕಿಟಕಿ ಕಾಣುತ್ತಿತ್ತು. ಅಲ್ಲಿ ಯಾರಾದರೂ ನಿಂತಿದ್ದರೆ ಸಾಕು ಅನಿಸುತ್ತಿತ್ತು. ಸಹನಾ ಕಣ್ಣು ಮುಚ್ಚಿ ಮಲಗಿರುತ್ತಿದ್ದಳು. ನಾನು ಎಣ್ಣೆ ಜಿಡ್ಡಿನ ಆ ಚೌಕ ಬೆಳಕನ್ನು ನೋಡುತ್ತ ಕೂಡುತ್ತಿದ್ದೆ. ಅತ್ತೆ ಫೋನ್ ಮಾಡಿದರು. “ಯಾಕ ಜ್ವರ ಬಂತವಾ?” “ಬರತಾವ್ರಿ ಅತ್ತೀ, ಈ ಔಷಧದಾಗ,” ಅಂದೆ. “ಕೌದಿ ಹೊಚ್ಚೀಯೇನು?” “ಹೂಂನ್ರಿ.”

ಜ್ವರ ಇಳಿಯಿತು. ನಾವು ಕೋಣೆಗೆ ಮರಳಿದಾಗ ಕೌದಿ ಮಂಚದ ಮೇಲೆ ಹಾಸಿತ್ತು. ಸೋಪಿನ ವಾಸನೆ. ಬಿಚ್ಚಿದ್ದ ಮೂಲೆ ಮುಚ್ಚಿತ್ತು, ಆದರೆ ಅತ್ತೆಯ ಸಣ್ಣ ಹೊಲಿಗೆಯಲ್ಲ, ಉದ್ದುದ್ದ ಟಾಕಿ. ಮುಮತಾಜಕ್ಕ ಬಾಗಿಲಲ್ಲಿ ನಿಂತು ಹೇಳಿದರು:

“ಕುದಿನೀರಾಗ ಹಾಕಿ ತೆಗದೇನಿ. ಹೊಟ್ಟಿ ಖಾಲಿ ಬಿಡಬಾರದು ಅಂತ ಅಂದಿದ್ದಿಯಲ್ಲ, ನಮ್ಮ ರಿಯಾಜನ ಹಳೇ ಅಂಗಿ ತುಂಡು ತುರುಕೇನಿ. ತೊಳದದ್ದೈತಿ, ಹೆದರಬ್ಯಾಡ. ಇದಕ್ಕ ಇರಿವಿ ಹತ್ತಂಗಿಲ್ಲ, ನಿನ್ನ ಮಗಳೂ ತಿನ್ನಂಗಿಲ್ಲ.”

ಸಹನಾ ಮೂಲೆಯನ್ನು ಒತ್ತಿ ನೋಡಿ, “ರಿಯಾಜಣ್ಣ ಒಳಗದಾನ?” ಎಂದು ಕೇಳಿದಳು. ಎಷ್ಟೋ ದಿನಗಳ ಮೇಲೆ ನಾವು ಮೂವರೂ ನಕ್ಕೆವು.

ಕೆಲವು ವಾರಗಳಲ್ಲಿ ರಿಯಾಜನಿಗೆ ಊರಿಗೆ ಹೋಗಲು ಅನುಮತಿ ಸಿಕ್ಕಿತು. ಮುಮತಾಜಕ್ಕ ತಮ್ಮ ಲಟ್ಟಣಿಗೆಯನ್ನು ಕಟ್ಟೆಯ ಮೇಲಿಟ್ಟರು, ಕರೆದೊಯ್ಯಲು ಬಂದ ಗಂಡ ಕಟ್ಟಿ ತಂದಿದ್ದ ಒಂದು ಕವಳಿ ಸವಣೂರ ವೀಳ್ಯದೆಲೆಯನ್ನು ನನ್ನ ಕೈಯಲ್ಲಿಟ್ಟರು, ‘ಬರ್ತೇನಿ’ ಅನ್ನದೆ ಹೊರಟರು. ಅವರು ಹೋದ ಮೇಲೆ ನಾನು ರೊಟ್ಟಿ ಬಡಿದಾಗ ಯಾರೂ ಓಡಿ ಬರುವುದಿಲ್ಲ. ಸೆಲ್ವಿ ಅಕ್ಕನಿಗೂ ಸದ್ದು ರೂಢಿಯಾಗಿದೆ. ಸಂತೋಷಪಡಬೇಕೋ ಏನೋ.

ಸಹನಾ ಈಗ ನನಗಿಂತ ಚೆನ್ನಾಗಿ ತಮಿಳು ಮಾತಾಡುತ್ತಾಳೆ. ಆಸ್ಪತ್ರೆಯಿಂದ ಹೊರಬಿದ್ದೊಡನೆ ‘ವೀಟ್ಟುಕ್ಕು ಪೋಲಾಮ್’ ಅನ್ನುತ್ತಾಳೆ. ಮನೆಗೆ ಹೋಗೋಣ ಎಂದು. ಅವಳು ಕೈ ತೋರಿಸುವುದು ಈ ನೀಲಿ ಬಾಗಿಲಿಗೆ. ಮೊದಮೊದಲು ತಿದ್ದುತ್ತಿದ್ದೆ: ಮನೆ ಹಿರೇಬೆಂಡಿಗೇರಿಯಲ್ಲಿದೆ, ಇದು ಕೋಣೆ. ಈಗ ತಿದ್ದುವುದಿಲ್ಲ. ಮೊನ್ನೆ ಡಾಕ್ಟರು, ಇನ್ನು ಊರಿನಲ್ಲೇ ಇದ್ದು ತಿಂಗಳಿಗೊಮ್ಮೆ ಬಂದರೆ ಸಾಕು ಅಂದಾಗ ನನಗೆ ಕುಣಿಯುವಷ್ಟು ಸಂತೋಷವಾಗಬೇಕಿತ್ತು. ಆಯಿತು ಕೂಡ. ಜೊತೆಗೆ, ಜ್ವರ ಬಂದರೆ ಅಲ್ಲಿಂದ ಹುಬ್ಬಳ್ಳಿಗೆ ಎಷ್ಟು ಹೊತ್ತು ಎಂಬ ಭಯ. ಊರ ಜನ ಮಗುವನ್ನು ನೋಡಲು ಬಂದು ಬಾಗಿಲು ತುಂಬಿದರೆ ನಾನು ‘ಒಳಗ ಬರಬ್ಯಾಡ್ರಿ’ ಅಂದೇನೇ? ಅಂದರೆ, ಆಮೇಲೆ ಅದು ನನ್ನ ಊರಾಗಿ ಉಳಿದೀತೇ?

ಕಟ್ಟೆಯ ಮೇಲೆ ನಾವು ಏನು ಇಡಬೇಕು ಎಂದು ಸಹನಾಳನ್ನು ಕೇಳಿದೆ. ಯೋಚಿಸಲೇ ಇಲ್ಲ. “ಕೌದಿ,” ಅಂದಳು. ನಮ್ಮ ಪಕ್ಕದ ಕೋಣೆಗೆ ಹೊಸದಾಗಿ ಬಂದ ಹುಡುಗಿಗೆ ಇನ್ನೂ ಕೂದಲಿದೆ, ದಿನಾ ಅಳುತ್ತಾಳೆ. ಅವಳಿಗೆ ಅದು ಬೇಕಾಗುತ್ತದಂತೆ.

ಆದರೆ ಅದರಲ್ಲಿ ಅತ್ತೆಯ ಕೈ ಇದೆ, ಮಾವನವರ ಧೋತರ ಇದೆ. ಈಗ ಸವಣೂರಿನ ಹುಡುಗನ ಅಂಗಿಯೂ ಇದೆ. ದವಾಖಾನೆಯಲ್ಲಿ ಬಳಸಿದ್ದನ್ನು ಮನೆಯೊಳಗೆ ತರಬಾರದು ಎನ್ನುವವರೂ ಅತ್ತೆಯೇ; ಮನೆಯ ಕೌದಿಯನ್ನು ಹೊರಗಿನವರಿಗೆ ಕೊಡಬಾರದು ಎನ್ನುವವರೂ ಅತ್ತೆಯೇ.

ಅತ್ತೆ ವಿಡಿಯೊ ಕರೆಯಲ್ಲಿಯೂ ಫೋನನ್ನು ಕಿವಿಗೇ ಹಿಡಿಯುತ್ತಾರೆ. ನಮಗೆ ಪರದೆಯ ತುಂಬ ಒಂದು ಕಿವಿ, ಬೆಂಡೋಲೆ, ಸ್ವಲ್ಪ ನರೆಗೂದಲು. ಕಳೆದ ವಾರ ಆ ಕಿವಿಗೆ ಸಹನಾಳೇ ಹೇಳಿಬಿಟ್ಟಳು: “ಆಯೀ, ನೀ ಇಟ್ಟಿದ್ದ ಹೋಳಿಗಿ ತಿಂದ್ನಿ. ಭಾಳ ಗಟ್ಟಿ ಆಗಿತ್ತು. ಆಮ್ಯಾಲೆ ಜ್ವರ ಬಂತು.”

ಕಿವಿ ಅಲುಗಲಿಲ್ಲ. ನಾನು ಫೋನು ಕಸಿದುಕೊಂಡು, ಅದರಿಂದಲ್ಲ ಅಂತಾರ್ರಿ ಡಾಕ್ಟರು, ಅಂದೆ. ಅವರು ಹಾಗೆ ಅಂದಿರಲಿಲ್ಲ. ಮಾತು ತಿರುಗಿಸಲೆಂದೋ, ಕೇಳಲೇಬೇಕಿತ್ತೆಂದೋ, ಅದೇ ಹೊತ್ತಿಗೆ ಕೇಳಿಬಿಟ್ಟೆ:

“ಅತ್ತೀ, ಕೌದಿ ಊರಿಗೆ ತರಲೇನ್ರಿ, ಇಲ್ಲೇ ಬಿಟ್ಟು ಬರಲೇನ್ರಿ?”

ಬೆಂಡೋಲೆ ಒಮ್ಮೆ ಮಿಂಚಿತು. ಆಮೇಲೆ ಪರದೆಯಲ್ಲಿ ನಮ್ಮ ಪಡಸಾಲೆಯ ಜಂತಿ ಕಂಡಿತು. ಫೋನನ್ನು ಎಲ್ಲೋ ಅಂಗಾತ ಇಟ್ಟಿದ್ದರು. ನಾನೂ ಸಹನಾಳೂ ಆ ಜಂತಿಯನ್ನು ನೋಡುತ್ತ ಕುಳಿತೆವು. ಅದಾದ ಮೇಲೆ ಅತ್ತೆ ದಿನಾ ಫೋನ್ ಮಾಡುತ್ತಾರೆ, ಮಗಳು ಏನು ಉಂಡಳು ಎಂದು ಕೇಳುತ್ತಾರೆ. ನಾನು ಕೇಳಿದ್ದಕ್ಕೆ ಇನ್ನೂ ಏನೂ ಹೇಳಿಲ್ಲ.