ಖಾಲಿ ಖೋಲಿಯ ಕೀಲಿ

ಆಗ ನನಗೆ ಐವತ್ತೆಂಟು. ಇದು ಆರು ವರ್ಷದ ಹಿಂದಿನ ಮಾತು. ಕುಳಗೇರಿ ಕ್ರಾಸಿನ ಹತ್ತಿರ ನಮ್ಮೂರ ಸರಕಾರಿ ಶಾಲೆಯಲ್ಲಿ ಬಿಸಿಯೂಟ ಮಾಡುತ್ತಿದ್ದೆ. ಹೆಡ್ ಮಾಸ್ತರರು ಇಳಕಲ್ಲಿನವರು. ಏನು ಕೇಳಿದರೂ ಕನ್ನಡಕ ಒರೆಸುತ್ತ, "ಇದು ಎಲ್ಲಾರ ಸಾಲಿರಿ" ಅನ್ನುತ್ತಿದ್ದರು. ಶಾಲೆ ಎಲ್ಲರದೂ ಅನ್ನುವ ಆ ಒಂದೇ ಮಾತು ಕೇಳಿ ಕೇಳಿ ನನಗೆ ಬೇಸರ ಬಂದಿತ್ತು.

ಒಂದು ಮಧ್ಯಾಹ್ನ ಊರ ಹಿರಿಯರು ಬಂದು ಶಾಲೆಯ ಬಾಗಿಲಿಗೆ ಅಡ್ಡ ನಿಂತರು.

"ಖಾಲಿ ಖೋಲಿ ಕೀಲಿ ಕೊಡ್ರಿ. ಬೀರಪ್ಪ ದೇವರ ಪಲ್ಲಕ್ಕಿ ಇನ್ನ ಮ್ಯಾಲ ಅಲ್ಲೇ ಇರತೈತಿ."

ಮಾಸ್ತರರು ಕೀಲಿಯನ್ನು ಮುಷ್ಟಿಯಲ್ಲಿ ಹಿಡಿದರು. "ಇದು ಎಲ್ಲಾರ ಸಾಲಿರಿ."

"ನಿಮ್ಮ ಕೊರಳಾಗ ಲಿಂಗ ಇಲ್ಲೇನು?"

"ಐತ್ರಿ. ಅಂಗಿ ಒಳಗೈತಿ."

"ಮತ್ತ ಅಡಗಿ ಖೋಲ್ಯಾಗ ಈ ಮುದುಕಿ ಬೀರಪ್ಪನ ಫೋಟೋ ಹಾಕ್ಯಾಳಲ್ಲ?"

ಎಲ್ಲರೂ ನನ್ನತ್ತ ತಿರುಗಿದರು. ಕೆಲಸ ಹೋಯಿತು ಅಂದುಕೊಂಡೆ.

"ನಾ ದಿನಾ ನೋಡಿ ಸುಮ್ಮನಿದ್ದೆ. ತಪ್ಪು ನಂದು, ಯಕ್ಕಂದಲ್ಲ" ಅಂದರು ಮಾಸ್ತರರು. ಮುಷ್ಟಿ ಮಾತ್ರ ಬಿಚ್ಚಲಿಲ್ಲ.

"ನಿಮ್ಮನ್ನ ವರ್ಗಾ ಮಾಡಸ್ತೇವಿ" ಎಂದು ಬೈಯುತ್ತ ಹಿರಿಯರು ಹೋದರು.

ಮರುದಿನ ಮುಂಜಾನೆ ಗ್ಯಾಸ್ ಹಚ್ಚುವ ಮೊದಲು ನಾನೇ ಫೋಟೋ ಇಳಿಸಿದೆ. ಸೆರಗಿನಲ್ಲಿ ಸುತ್ತಿ ಮನೆಗೆ ಒಯ್ದು ಗೋಡೆಯ ಗೂಡಿನಲ್ಲಿಟ್ಟೆ. ತಿರುಗಿ ಬಂದು ಅಕ್ಕಿ ತೊಳೆದೆ.