ಇಪ್ಪತ್ತು ನಿಮಿಷದ ಲಾರಿ

ಅರವತ್ತೊಂದನೇ ವಯಸ್ಸಿನಲ್ಲಿ ನಾನು ಪ್ರತಿ ಭಾನುವಾರ ಮಧ್ಯಾಹ್ನ ಲಾರಿ ಓಡಿಸುತ್ತೇನೆ. ಸಣ್ಣದಲ್ಲ, ಹದಿನೆಂಟು ಚಕ್ರದ್ದು. ಮರದ ದಿಮ್ಮಿಯನ್ನೋ ಹಾಲಿನ ಟ್ಯಾಂಕರನ್ನೋ ಎಳೆದುಕೊಂಡು, ಹಿಮ ಬಿದ್ದ ಯಾವ್ಯಾವುದೋ ದೇಶಗಳಲ್ಲಿ ಊರಿಂದೂರಿಗೆ ಹೋಗುತ್ತೇನೆ. ಇದೆಲ್ಲ ನಡೆಯುವುದು ಬಸವೇಶ್ವರನಗರದ ನಮ್ಮ ಮನೆಯ ನಡುಮನೆಯಲ್ಲಿ, ಕಂಪ್ಯೂಟರಿನ ಮುಂದೆ, ಪಕ್ಕದಲ್ಲೊಂದು ತಟ್ಟೆ ಚುರುಮುರಿ ಇಟ್ಟುಕೊಂಡು ಎಂಬುದನ್ನೂ ಈಗಲೇ ಹೇಳಿಬಿಡುತ್ತೇನೆ. ನಿಜವಾದ ಮಾಗಡಿ ರಸ್ತೆಯನ್ನು ಕಾಲ್ನಡಿಗೆಯಲ್ಲಿ ದಾಟಲು ಇಂದಿಗೂ ಯಾರಾದರೂ ಧೈರ್ಯವಂತೆ ಪಕ್ಕಕ್ಕೆ ಬಂದು ನಿಲ್ಲಲಿ ಎಂದು ಕಾಯುವವಳು ನಾನು.

ನನ್ನ ಲಾರಿಯ ಮುಂದೆ ಯಾವಾಗಲೂ ಇನ್ನೊಂದು ಲಾರಿ ಇರುತ್ತದೆ. ಅದು ನನ್ನ ತಮ್ಮ ಮಹೇಶನದು. ಅವನು ಕೆಂಗೇರಿಯ ತನ್ನ ಮನೆಯಲ್ಲಿ ಮಗಳ ಲ್ಯಾಪ್‌ಟಾಪಿನ ಮುಂದೆ ಕೂತಿರುತ್ತಾನೆ. ಇಬ್ಬರ ಕಿವಿಗೂ ಹೆಡ್‌ಫೋನು. ಮಹೇಶ ಮೂವತ್ತು ವರ್ಷ ಸರ್ಕಾರಿ ಬಸ್ಸು ಓಡಿಸಿದವನು. ಹೋದ ವರ್ಷ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಆಪರೇಷನ್ ಆಯಿತು. ಇನ್ನು ಸ್ಟೇರಿಂಗ್ ಮುಟ್ಟುವ ಹಾಗಿಲ್ಲ ಎಂದರು ಡಾಕ್ಟರು. ಅಲ್ಲಿಂದ ಅವನ ಮಾತೇ ನಿಂತುಹೋಯಿತು. ನಾನು ಮೆಟ್ರೋ ಹಿಡಿದು ನೋಡಲು ಹೋದರೆ ಟಿವಿಯ ಕಡೆ ಮುಖ ಮಾಡಿ ‘ಹೂಂ’, ‘ಹಾಂ’ ಅನ್ನುತ್ತಿದ್ದ, ಅಷ್ಟೆ. ಅವನ ಹೆಂಡತಿ ಸುಧಾ ಫೋನಿನಲ್ಲಿ ಅಳುತ್ತಿದ್ದಳು. ಡಾಕ್ಟರು ಹೇಳಿದ ಊರುಗೋಲು ತಂದು ಎಷ್ಟೋ ದಿನವಾಯಿತಂತೆ. ಅದು ಅಂಗಡಿಯ ಪ್ಲಾಸ್ಟಿಕ್ ಕವರಿನಲ್ಲೇ ಬಾಗಿಲ ಹಿಂದೆ ನಿಂತಿದೆಯಂತೆ. ಇವನು ಗೋಡೆ ಹಿಡಿದು ಓಡಾಡುತ್ತಾನೆ, ಗೇಟಿನಾಚೆ ಮಾತ್ರ ಕಾಲಿಡುವುದಿಲ್ಲವಂತೆ.

ಲಾರಿಯ ಆಟ ತಂದುಕೊಟ್ಟವಳು ನಾನೇ. ಮನುಷ್ಯರು ಎದುರುಬದುರು ಕೂತಾಗ ಮಾತಾಡುವುದು ಕಡಿಮೆ ಎಂಬುದು ನನ್ನ ಬಹುಕಾಲದ ಅನುಮಾನ. ನಮ್ಮಮ್ಮ ತನ್ನ ಕಷ್ಟವನ್ನೆಲ್ಲ ಹೇಳಿಕೊಂಡದ್ದು ಮೊರದಲ್ಲಿ ಅಕ್ಕಿ ಆರಿಸುವಾಗ. ಕಣ್ಣು ಕಲ್ಲು ಹುಡುಕುತ್ತಿದ್ದರೆ ಬಾಯಿ ತನ್ನ ಪಾಡಿಗೆ ತಾನು ಬಿಚ್ಚಿಕೊಳ್ಳುತ್ತಿತ್ತು. ಮಹೇಶನೂ ಹಾಗೆಯೇ. ಬಸ್ಸಿನಲ್ಲಿ ರಸ್ತೆ ನೋಡುತ್ತಾ ಕಂಡಕ್ಟರಿಗೆ ಊರ ಕಥೆಯನ್ನೆಲ್ಲ ಹೇಳುತ್ತಿದ್ದವನು ಮನೆಯಲ್ಲಿ ಉಪ್ಪು ಕೇಳಲೂ ಸಂಕೋಚ ಪಡುತ್ತಿದ್ದ. ಅವನಿಗೆ ಒಂದು ರಸ್ತೆ ಕೊಟ್ಟರೆ ಮಾತು ತಾನೇ ಬರುತ್ತದೆ ಎಂದು ಲೆಕ್ಕ ಹಾಕಿದೆ. ಮೊದಲ ಭಾನುವಾರವೇ ಬಂತು. ‘ಇದೆಂಥಾ ದೇಶ ಅಕ್ಕ, ಒಬ್ಬನೂ ಹಾರ್ನ್ ಹೊಡೆಯಲ್ವಲ್ಲ’ ಎಂದು ಬೇಸರಪಟ್ಟುಕೊಂಡ. ನನಗೆ ರಿವರ್ಸ್ ಹಾಕುವುದನ್ನು ಕಲಿಸಲು ಹೋಗಿ ಬಯ್ದ. ತಮ್ಮನಿಂದ ಬೈಸಿಕೊಂಡು ಅಷ್ಟು ಖುಷಿಪಟ್ಟವಳು ಇನ್ನೊಬ್ಬಳಿರಲಾರಳು.

ತೊಂದರೆ ಶುರುವಾದದ್ದು ನನ್ನ ಹೊಸ ಕಂಪ್ಯೂಟರಿನಿಂದ. ಹಳೆಯದರಲ್ಲಿ ಲಾರಿ ಎತ್ತಿನಗಾಡಿಯಂತೆ ಹೋಗುತ್ತಿತ್ತು. ಹೊಸದನ್ನು ಬಿಡಿಭಾಗ ತರಿಸಿ ನಾನೇ ಜೋಡಿಸುತ್ತೇನೆ ಎಂದು ಹಟ ಹಿಡಿದೆ. ವಿಜಯನಗರದ ಹೈಸ್ಕೂಲಿನಲ್ಲಿ ಮೂವತ್ತು ವರ್ಷ ವಿಜ್ಞಾನ ಪಾಠ ಮಾಡಿದವಳಿಗೆ ನಾಲ್ಕು ಸ್ಕ್ರೂ ಬಿಗಿಯಲು ಬರುವುದಿಲ್ಲವೇ ಎಂಬ ಜಂಬ. ಎರಡು ದಿನದಲ್ಲಿ ಜೋಡಿಸಿದೆ, ಡಬ್ಬಕ್ಕೆ ವಿಭೂತಿ ಹಚ್ಚಿದೆ, ಗುಂಡಿ ಒತ್ತಿದೆ, ಹೊತ್ತಿಕೊಂಡಿತು. ಓಣಿಯವರಿಗೆಲ್ಲ ಹೇಳಿಕೊಂಡು ಬಂದೆ.

ಅದರಲ್ಲಿ ಪತ್ರ ಬರೆದರೆ, ಸುದ್ದಿ ಓದಿದರೆ, ಪಾಕವಿಧಾನ ನೋಡಿದರೆ ಏನೂ ಆಗುತ್ತಿರಲಿಲ್ಲ. ಲಾರಿ ಏರಿದರೆ ಮಾತ್ರ ಇಪ್ಪತ್ತನೇ ನಿಮಿಷಕ್ಕೆ ಸರಿಯಾಗಿ ಪಟ್ಟನೆ ಕತ್ತಲಾಗುತ್ತಿತ್ತು. ಅಲ್ಲಿ ಮಹೇಶನ ಕನ್ನಡಿಯಲ್ಲಿ ನನ್ನ ಲಾರಿ ಮಾಯ. ಅವನು ರಸ್ತೆಯ ಪಕ್ಕಕ್ಕೆ ಹಾಕಿ, ಇಂಡಿಕೇಟರ್ ಮಿಣುಕಿಸುತ್ತಾ ಹಿಮದಲ್ಲಿ ಕಾಯುತ್ತಿದ್ದ. ನಾನು ಮತ್ತೆ ಚಾಲೂ ಮಾಡಿ ಬರುವ ಹೊತ್ತಿಗೆ ಅವನ ಮಾತು ಒಳಗೆ ಹೋಗಿರುತ್ತಿತ್ತು. ಮೂರನೆಯ ಭಾನುವಾರ ಹೀಗಾದಾಗ ಅವನೇ ಫೋನ್ ಮಾಡಿದ.

‘ಅಕ್ಕ, ಬೇಜಾರಾದ್ರೆ ಬಾಯ್ಬಿಟ್ಟು ಹೇಳ್ಬಿಡು. ನಾನು ಆಪರೇಷನ್ ವಿಷ್ಯ ಎತ್ತಿದಾಗ್ಲೆಲ್ಲ ನಿನ್ ಕಂಪ್ಯೂಟರ್ ಆಫ್ ಆಗತ್ತೆ.’

ಅವನ ಲೆಕ್ಕ ತಪ್ಪಾಗಿರಲಿಲ್ಲ. ಹವಾಮಾನ, ನನ್ನ ಮೊಮ್ಮಗಳ ಸ್ಕೂಲು, ಟೊಮೇಟೊ ರೇಟು ಎಲ್ಲ ಮುಗಿದು ಅವನು ನಿಜವಾದ ಮಾತಿಗೆ ಬರಲು ಇಪ್ಪತ್ತು ನಿಮಿಷವೇ ಬೇಕಾಗುತ್ತಿತ್ತು. ಮುಂದಿನ ಭಾನುವಾರ ನೆಂಟರು ಬರುತ್ತಾರೆ, ಆಟ ಬೇಡ ಎಂದ. ಭಾನುವಾರ ಅವನ ಮನೆಗೆ ಯಾವ ನೆಂಟರೂ ಬರುವವರಿರಲಿಲ್ಲ ಎಂದು ಸುಧಾ ಆಮೇಲೆ ಹೇಳಿದಳು.

ಆ ವಾರವೆಲ್ಲ ನಾನು ಕಂಪ್ಯೂಟರಿನ ಬೆನ್ನು ಬಿದ್ದೆ. ನಮ್ಮ ಯಜಮಾನರು ಮನೆಯ ಯಾವ ಕಾಯಿಲೆಗೂ ವೋಲ್ಟೇಜೇ ಕಾರಣ ಎಂದು ನಂಬಿರುವವರು. ಅಟ್ಟದಿಂದ ಹಳೆಯ ಫ್ರಿಜ್ಜಿನ ಸ್ಟೆಬಿಲೈಸರ್ ಇಳಿಸಿಕೊಟ್ಟರು. ಲಾರಿ ಇಪ್ಪತ್ತಕ್ಕೇ ನಿಂತಿತು. ಕಂಪ್ಯೂಟರಿನಲ್ಲಿದ್ದದ್ದನ್ನೆಲ್ಲ ಅಳಿಸಿ ಹೊಸದಾಗಿ ಹಾಕಿದೆ. ಇಪ್ಪತ್ತು. ಹೊಸಹಳ್ಳಿಯಿಂದ ಬಂದ ರಿಪೇರಿಯವರು ಅರ್ಧ ಗಂಟೆ ನೋಡಿ, ಕನ್ನಡಕ ಒರೆಸಿಕೊಂಡು, ‘ಗೇಮ್ ಆಡ್ಬೇಡಿ ಆಂಟಿ, ಸರಿಹೋಗತ್ತೆ’ ಎಂದು ಹೇಳಿ ಕಾಫಿ ಕುಡಿದು ಹೋದರು. ಕೊನೆಗೆ ಡಬ್ಬದ ಪಕ್ಕದ ಮುಚ್ಚಳ ತೆಗೆದು ಟೇಬಲ್ ಫ್ಯಾನು ತಿರುಗಿಸಿ ಇಟ್ಟೆ. ಲಾರಿ ಇಪ್ಪತ್ತೆಂಟು ನಿಮಿಷ ಹೋಯಿತು.

ಆಗ ನನ್ನೊಳಗಿನ ಟೀಚರು ಎದ್ದು ಕೂತಳು. ಗಾಳಿ ಬೀಸಿದರೆ ಆಯುಸ್ಸು ಹೆಚ್ಚುತ್ತದೆ ಎಂದರೆ ಕಾಯಿಲೆ ಬಿಸಿಯದು. ಬಿಸಿ ತೋರಿಸುವ ಒಂದು ಪ್ರೋಗ್ರಾಂ ಹಾಕಿ ನೋಡಿದರೆ, ಲಾರಿ ಓಡುವಾಗ ಯಂತ್ರದ ಮಿದುಳಾದ ಚಿಪ್ಪು ತೊಂಬತ್ತೆಂಟು ಡಿಗ್ರಿ ತೋರಿಸುತ್ತಿದೆ. ಇನ್ನೆರಡು ಡಿಗ್ರಿಗೆ ನೀರು ಕುದಿಯುತ್ತದೆ. ಪಾಪ, ಅದು ಸಾಯುವುದರ ಬದಲು ತಾನೇ ಆಫ್ ಆಗುತ್ತಿತ್ತು. ಆ ಚಿಪ್ಪಿನ ಬಿಸಿ ಹೀರಲೆಂದೇ ಅದರ ಮೇಲೆ ತಾಮ್ರದ ತಳದ ಕೂಲರ್ ಒಂದು ಕೂತಿರುತ್ತದೆ. ಎರಡರ ಮಧ್ಯೆ ವಿಭೂತಿ ಕಲಸಿದಂತಿರುವ ಬೂದು ಪೇಸ್ಟು. ಪೇಸ್ಟು ಒಣಗಿರಬೇಕು ಎಂದುಕೊಂಡು ಸ್ಕ್ರೂ ಬಿಚ್ಚಿ ಕೂಲರನ್ನು ಎತ್ತಿ ತಿರುಗಿಸಿದೆ.

ತಾಮ್ರದ ತಳದ ಮೇಲೆ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಹಾಗೇ ಅಂಟಿಕೊಂಡಿತ್ತು. ಹೊಸ ವಸ್ತುವಿಗೆ ಗೀರು ಬೀಳದಿರಲಿ ಎಂದು ಅಂಟಿಸಿರುತ್ತಾರಲ್ಲ, ಅದು.

ಮರೆತೆ ಎಂದರೆ ಸುಳ್ಳಾಗುತ್ತದೆ. ಜೋಡಿಸುವ ದಿನ ನಾನದನ್ನು ನೋಡಿದ್ದೆ. ಒಂದು ಮೂಲೆ ಎದ್ದು ಬಂದಿತ್ತು. ಆ ಮೂಲೆಯನ್ನು ನಾನೇ ಹೆಬ್ಬೆರಳಿನಿಂದ ಒತ್ತಿ, ನೀಟಾಗಿ ಅಂಟಿಸಿ, ಆಮೇಲೆ ಕೂರಿಸಿದ್ದೆ. ಉಷ್ಣವಾಹಕ, ಅವಾಹಕ ಎಂದು ಮೂವತ್ತು ವರ್ಷ ಬೋರ್ಡಿನ ಮೇಲೆ ಬರೆದು, ಪ್ಲಾಸ್ಟಿಕ್ಕನ್ನು ತಪ್ಪು ಪಟ್ಟಿಯಲ್ಲಿ ಬರೆದ ಮಕ್ಕಳನ್ನು ನಿಲ್ಲಿಸಿದವಳು ನಾನು.

ಆದರೆ ಆ ಹೆಬ್ಬೆರಳು ಟೀಚರದ್ದಲ್ಲ, ನಮ್ಮಮ್ಮನ ಮಗಳದ್ದು. ರಾಜಾಜಿನಗರದ ನಮ್ಮ ಮನೆಯಲ್ಲಿ ಹೊಸದರ ಮೇಲಿನ ಪ್ಲಾಸ್ಟಿಕ್ ಕೀಳುವುದು ಮಹಾಪರಾಧವಾಗಿತ್ತು. ಅಮ್ಮನ ಫ್ರಿಜ್ಜು ಹಳತಾಗಿ ಹೋಗುವಾಗಲೂ ಬಾಗಿಲಿನ ಹಾಳೆ ಕಿತ್ತಿರಲಿಲ್ಲ. ಕುರ್ಚಿಗಳ ಮೇಲೆ ಕೂತರೆ ಬೇಸಿಗೆಯಲ್ಲಿ ತೊಡೆ ಅಂಟಿ ಏಳಲಾಗುತ್ತಿರಲಿಲ್ಲ, ಆದರೂ ಕವರು ತೆಗೆಯುವಂತಿಲ್ಲ. ಯಾವುದೋ ಒಂದು ಒಳ್ಳೆಯ ದಿನ ಬರುತ್ತದೆ, ಅವತ್ತು ತೆಗೆದರಾಯಿತು ಎಂದು ಅಮ್ಮ ಕಾದಳು. ನಾವು ಆ ಕಾಯುವಿಕೆಯನ್ನೂ ಆಸ್ತಿಯ ಜೊತೆ ಸಮಪಾಲು ಮಾಡಿಕೊಂಡೆವು. ನಮ್ಮ ಟಿವಿ ರಿಮೋಟು ಇಂದಿಗೂ ಕವರಿನಲ್ಲಿದೆ. ಗುಂಡಿಯ ಮೇಲಿನ ಅಂಕಿ ಕಾಣುವುದಿಲ್ಲ, ಆದರೆ ರಿಮೋಟು ಹೊಸದು. ತಾಮ್ರದ ಮೇಲಿನ ಹಾಳೆ ಕಿತ್ತ ಉತ್ಸಾಹದಲ್ಲಿ ಅದನ್ನೂ ಕೀಳಲು ಹೋದೆ. ಯಜಮಾನರು ರಿಮೋಟನ್ನು ಜೇಬಿಗೆ ಹಾಕಿಕೊಂಡರು.

ಆ ಭಾನುವಾರ, ನೆಂಟರು ಬರಲಿ ಬಿಡಲಿ, ಮಹೇಶನನ್ನು ಗೋಗರೆದು ಕೂರಿಸಿದೆ. ಹಾಲಿನ ಟ್ಯಾಂಕರು ಎಳೆದುಕೊಂಡು ಹೊರಟೆವು. ಹವಾಮಾನ, ಮೊಮ್ಮಗಳು, ಟೊಮೇಟೊ ಆಯಿತು. ಹತ್ತೊಂಬತ್ತನೇ ನಿಮಿಷಕ್ಕೆ ಇಬ್ಬರೂ ಸುಮ್ಮನಾದೆವು. ಇಪ್ಪತ್ತು ದಾಟಿತು. ಇಪ್ಪತ್ತೆರಡಾಯಿತು.

‘ಅಕ್ಕಾ, ಇದೀಯಾ?’

‘ಇದೀನಿ ಕಣೋ.’

ನನಗೆ ಕಣ್ಣು ಮಂಜಾಗಿ ಲಾರಿ ರಸ್ತೆಯ ಅಂಚಿಗೆ ಹೋಯಿತು. ನೆಟ್ಟಗೆ ಓಡಿಸು ಎಂದು ಬಯ್ದ. ಆಮೇಲೆ ಪ್ಲಾಸ್ಟಿಕ್ಕಿನ ಕಥೆ ಹೇಳಿದೆ, ಹೆಬ್ಬೆರಳನ್ನೂ ಬಿಡದೆ. ಮಹೇಶ ಕೆಮ್ಮು ಬರುವಷ್ಟು ನಕ್ಕ. ನಕ್ಕು ಮುಗಿಯುತ್ತಿದ್ದಂತೆ, ರಸ್ತೆಯ ಮೇಲೆ ಕಣ್ಣಿಟ್ಟುಕೊಂಡೇ, ತನ್ನ ಮಾತಿಗೆ ಬಂದ. ಗೇಟಿನಾಚೆ ಹೋದರೆ ಎಲ್ಲರೂ ಕೋಲನ್ನೇ ನೋಡುತ್ತಾರೆ ಎಂದ. ಮೂವತ್ತು ವರ್ಷ ಐವತ್ತು ಜನರನ್ನು ಬೆನ್ನ ಹಿಂದೆ ಕೂರಿಸಿಕೊಂಡು ಹೋದವನಿಗೆ ಈಗ ಹಾಲಿನಂಗಡಿಯವನು ‘ಹುಷಾರು ಸಾರ್’ ಅನ್ನುವುದನ್ನು ಕೇಳಲಾಗುವುದಿಲ್ಲ ಎಂದ. ಪೂರಾ ವಾಸಿಯಾಗಲಿ, ಆಮೇಲೆ ಹೋದರಾಯಿತು ಎಂದುಕೊಂಡು ದಿನ ದೂಡುತ್ತಿದ್ದೇನೆ ಎಂದ.

ನಾನು ಪಾಠ ಮಾಡಿದ್ದು ವಿಜ್ಞಾನ, ವೇದಾಂತವಲ್ಲ.

‘ಹೊರಗೆ ಹೋಗೋದು ಆಮೇಲೆ ನೋಡೋಣ ಕಣೋ. ಮೊದ್ಲು ಆ ಕೋಲಿನ್ ಕವರ್ ಕಿತ್ತಾಕು.’

ಅವನ ಲಾರಿಯ ಇಂಡಿಕೇಟರ್ ಮಿಣುಕಿತು, ನಿಧಾನವಾಗಿ ರಸ್ತೆಯ ಪಕ್ಕಕ್ಕೆ ಹೋಗಿ ನಿಂತಿತು. ಇಷ್ಟು ದಿನ ನನಗಾಗಿ ಕಾದದ್ದು ಅವನು. ಈಗ ನಾನು ಅವನ ಹಿಂದೆ ನಿಲ್ಲಿಸಿಕೊಂಡು ಕಾದೆ. ಹೆಡ್‌ಫೋನಿನಲ್ಲಿ ಕುರ್ಚಿ ಕಿರುಗುಟ್ಟಿತು. ಗೋಡೆ ಸವರುತ್ತಾ ಬಾಗಿಲಿನ ತನಕ ಹೋದ ಹೆಜ್ಜೆ ಕೇಳಿಸಿತು. ಆಮೇಲೆ ಪರಪರ ಎಂದು ಪ್ಲಾಸ್ಟಿಕ್ ಹರಿದ ಸದ್ದು.

ಮರಳಿ ಬರುವಾಗ ಹೆಜ್ಜೆಯ ಜೊತೆ ಟಕ್, ಟಕ್ ಎಂದು ಇನ್ನೊಂದು ಸದ್ದಿತ್ತು. ಕೂತ, ಹೆಡ್‌ಫೋನು ಸರಿಮಾಡಿಕೊಂಡ.

‘ನಡಿ ಅಕ್ಕ, ಹಾಲು ಕೆಡತ್ತೆ’ ಎಂದ.